ಕೀಮೋ ಮುಗಿದ ಮೇಲಿನ ನಡಿಗೆ

ಬಸವನಗುಡಿಯಲ್ಲಿ ಫಿಸಿಯೋಥೆರಪಿ ಕೆಲಸ ಮಾಡುವ ನಾನು, ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಬಂದವರಿಗೆ ಬಹಳ ವರ್ಷ ವ್ಯಾಯಾಮದ ಚಿತ್ರಗಳಿರುವ ಒಂದು ಹಾಳೆ ಕೊಟ್ಟು, ದಿನವೂ ಸ್ವಲ್ಪ ನಡೆಯಿರಿ ಎಂದು ಹೇಳಿ ಕಳುಹಿಸುತ್ತಿದ್ದೆ. ಅಷ್ಟು ಸಾಲದು ಎಂದು ಮನವರಿಕೆಯಾದದ್ದು 2025ರಲ್ಲಿ ಪ್ರಕಟವಾದ ‘ಚಾಲೆಂಜ್’ ಅಧ್ಯಯನವನ್ನು ಓದಿದ ಮೇಲೆ.

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮತ್ತು ಕೀಮೋ ಎರಡನ್ನೂ ಮುಗಿಸಿದ್ದ 889 ಜನರನ್ನು, ಹೆಚ್ಚಾಗಿ ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ, ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಆರೋಗ್ಯದ ಮಾಹಿತಿಪುಸ್ತಿಕೆ ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ ಮೂರು ವರ್ಷ ವ್ಯಾಯಾಮದ ಮಾರ್ಗದರ್ಶನ. ಐದು ವರ್ಷ ಕಳೆದಾಗ ಕಾಯಿಲೆ ಮರುಕಳಿಸದೆ ಉಳಿದವರು ವ್ಯಾಯಾಮದ ಗುಂಪಿನಲ್ಲಿ ಶೇ. 80.3, ಪುಸ್ತಿಕೆಯ ಗುಂಪಿನಲ್ಲಿ ಶೇ. 73.9. ಎಂಟು ವರ್ಷದ ಹೊತ್ತಿಗೆ ಬದುಕಿದ್ದವರು ಶೇ. 90.3 ಮತ್ತು ಶೇ. 83.2. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಂಕಿಗಳಿಗಿಂತ ಆ ಪುಸ್ತಿಕೆ. ವ್ಯಾಯಾಮ ಒಳ್ಳೆಯದೆಂದು ಅದರಲ್ಲಿಯೂ ಬರೆದಿತ್ತು. ಓದಿ ತಿಳಿದವರಿಗೂ, ಮೊದಲ ಆರು ತಿಂಗಳು ಎರಡು ವಾರಕ್ಕೊಮ್ಮೆ ಎದುರು ಕುಳಿತು ವಿಚಾರಿಸುವವರಿದ್ದವರಿಗೂ ನಡುವಿನ ಅಂತರ ಅದು. ನಾನು ಅಷ್ಟು ವರ್ಷ ಕೊಟ್ಟದ್ದು ಬರೀ ಪುಸ್ತಿಕೆಯನ್ನೇ.

ಅದಾದ ಕೆಲವೇ ವಾರಗಳಲ್ಲಿ, ಮೂರನೆಯ ಹಂತದ ಕರುಳಿನ ಕ್ಯಾನ್ಸರ್‌ಗೆ ಕೀಮೋ ಮುಗಿಸಿದ್ದ, ಅರವತ್ತು ದಾಟಿದ ನಿವೃತ್ತ ಮೇಷ್ಟರೊಬ್ಬರು ಹೆಂಡತಿಯೊಂದಿಗೆ ಬಂದರು. ‘ವ್ಯಾಯಾಮ ಮಾಡಿದ್ರೆ ಇರೋ ಶಕ್ತಿನೂ ಹೋಗ್ಬಿಡತ್ತೆ ಮೇಡಂ, ಇವ್ರಿಗೆ ರೆಸ್ಟ್ ಬೇಕಲ್ವಾ?’ ಎಂದು ಆ ತಾಯಿ ಕೇಳಿದರು. ನಮ್ಮ ಮನೆಗಳಲ್ಲಿ ಕಾಯಿಲೆಯವರ ಮೇಲಿನ ಪ್ರೀತಿ ಅವರನ್ನು ಮಲಗಿಸುವುದರಲ್ಲಿಯೇ ವ್ಯಕ್ತವಾಗುವುದರಿಂದ, ಈ ಪ್ರಶ್ನೆಗೆ ನಾನು ಯಾವಾಗಲೂ ಸಮಯ ಕೊಟ್ಟು ಉತ್ತರಿಸುತ್ತೇನೆ.

ಮೇಷ್ಟರು ಎದ್ದು ಬಾಗಿಲಿನತ್ತ ನಡೆದಾಗ ಎಡಗಾಲಿನ ಚಪ್ಪಲಿ ಕಳಚಿ ಹಿಂದೆಯೇ ಉಳಿಯಿತು. ಅವರು ಬರಿಗಾಲಿನಲ್ಲಿ ಇನ್ನೂ ನಾಲ್ಕು ಹೆಜ್ಜೆ ಹಾಕಿದರು, ಗೊತ್ತೇ ಆಗಲಿಲ್ಲ. ಕೀಮೋದಲ್ಲಿ ಕೊಟ್ಟಿದ್ದ ಆಕ್ಸಾಲಿಪ್ಲಾಟಿನ್ ಔಷಧಿಯಿಂದ ಪಾದದ ನರಗಳು ಜೋಮು ಹಿಡಿದಿದ್ದವು. ಹತ್ತಿಯ ಎಳೆಯಿಂದ ಸವರಿ ನೋಡಿದರೆ ಹಿಮ್ಮಡಿಯವರೆಗೂ ಸ್ಪರ್ಶವಿರಲಿಲ್ಲ. ಹಾಗಾಗಿ ನಮ್ಮ ಮೊದಲ ವಾರದ ಕೆಲಸ ನಡಿಗೆಯಾಗಿರಲಿಲ್ಲ. ಲೇಸ್ ಕಟ್ಟುವ ಶೂ ಕೊಳ್ಳುವುದು, ರಾತ್ರಿ ಮಲಗುವ ಮೊದಲು ಅಂಗಾಲು ನೋಡಿಕೊಳ್ಳುವುದು, ಗೋಡೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈಯೂರದೆ ಏಳುವುದು, ಇಷ್ಟೇ. ರಕ್ತಪರೀಕ್ಷೆಯ ವರದಿ ನೋಡಿ, ಅವರ ಕ್ಯಾನ್ಸರ್ ವೈದ್ಯರ ಒಪ್ಪಿಗೆ ಪಡೆದ ಮೇಲೆಯೇ ಕೃಷ್ಣರಾವ್ ಪಾರ್ಕಿನಲ್ಲಿ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ನಡಿಗೆ ಶುರುವಾಯಿತು.

ವೇಗಕ್ಕೆ ನನ್ನ ಅಳತೆ ಸರಳವಾದದ್ದು: ನಡೆಯುವಾಗ ಮಾತನಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಅಧ್ಯಯನದವರ ಗುರಿಯೂ ಅಂಥ ಬಿರುಸಿನ ನಡಿಗೆಯಲ್ಲಿ ಹೇಳುವುದಾದರೆ, ಮೊದಲಿದ್ದ ಚಟುವಟಿಕೆಯ ಜೊತೆಗೆ ವಾರಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಅಲ್ಲಿಗೆ ಬೇಗ ತಲುಪಿಸುವ ಆಸೆಯಲ್ಲಿ ಐದನೆಯ ವಾರ ನಾನೇ ತಪ್ಪು ಮಾಡಿದೆ. ಅವರ ಉತ್ಸಾಹ ಕಂಡು ಇಪ್ಪತ್ತೈದು ನಿಮಿಷವನ್ನು ಒಮ್ಮೆಗೇ ನಲವತ್ತೈದಕ್ಕೆ ಏರಿಸಿದೆ. ಬಲಮಂಡಿ ಊದಿಕೊಂಡು ಹತ್ತು ದಿನ ಎಲ್ಲವೂ ನಿಂತಿತು. ಸ್ನಾಯು ಮತ್ತು ಕೀಲಿನ ತೊಂದರೆ ಆ ಅಧ್ಯಯನದಲ್ಲಿಯೂ ವ್ಯಾಯಾಮದ ಗುಂಪಿಗೇ ಹೆಚ್ಚಿತ್ತು, ಶೇ. 18.5; ಇನ್ನೊಂದು ಗುಂಪಿನಲ್ಲಿ ಶೇ. 11.5. ಓದಿದ್ದೂ ನಾನು ಆತುರಪಟ್ಟೆ. ಈಗ ವಾರಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಏರಿಸುವುದಿಲ್ಲ.

ನಾಲ್ಕನೆಯ ತಿಂಗಳಿಗೆ ಅವರು ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಕೆರೆಯವರೆಗೆ ಹೋಗಿ ಬರತೊಡಗಿದರು. ಜೋಮು ಪೂರ್ತಿ ಹೋಗದ ಕಾರಣ ಬಂಡೆಯ ಇಳಿಜಾರನ್ನು ಇಂದಿಗೂ ಬಿಡಿಸಿದ್ದೇನೆ.

ವ್ಯಾಯಾಮ ಗೆಡ್ಡೆಯನ್ನೇ ಹಿಡಿದಿಡುತ್ತದೆಯೇ ಎಂದು ಅನೇಕರು ಕೇಳುತ್ತಾರೆ. 2016ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಚಕ್ರದಲ್ಲಿ ಓಡಿದ ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ತಗ್ಗಿದ್ದನ್ನೂ, ಅಡ್ರಿನಲಿನ್ ಪ್ರಭಾವದಿಂದ ರೋಗನಿರೋಧಕ ಕಣಗಳು ಗೆಡ್ಡೆಯೊಳಗೆ ಸೇರಿದ್ದನ್ನೂ ತೋರಿಸಿದರು. ಆದರೆ ಅವು ಇಲಿಗಳು. ಮನುಷ್ಯರ ವಿಷಯದಲ್ಲಿ ನಾನು ಧೈರ್ಯವಾಗಿ ಹೇಳುವುದು ಚಿಕಿತ್ಸೆ ಮುಗಿದ ಕರುಳಿನ ಕ್ಯಾನ್ಸರ್ ಬಗ್ಗೆ ಮಾತ್ರ. ಕೀಮೋ ಬಿಟ್ಟು ನಡಿಗೆ ಹಿಡಿಯುತ್ತೇನೆ ಎಂದವರನ್ನು ಅದೇ ದಿನ ವೈದ್ಯರ ಬಳಿಗೆ ವಾಪಸು ಕಳುಹಿಸಿದ್ದೇನೆ. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಯಾವ ಮೂಳೆ ಎಂದು ತಿಳಿಯದೆ ಭಾರ ಎತ್ತಿಸುವುದಿಲ್ಲ.

ಮೇಷ್ಟರ ಸ್ಕ್ಯಾನ್ ಇದುವರೆಗೆ ಸ್ವಚ್ಛವಾಗಿದೆ. ಅದು ನಡಿಗೆಯಿಂದಲೇ ಎಂದು ಒಬ್ಬರನ್ನು ನೋಡಿ ಹೇಳಲಾಗದು. ಹಾಳೆ ಕೊಡುವುದನ್ನು ನಿಲ್ಲಿಸಿದ್ದೇನೆ. ಪ್ರತಿ ಶನಿವಾರ ಸಂಜೆ ಅವರಿಗೂ ಇನ್ನಿತರರಿಗೂ ಫೋನ್ ಮಾಡಿ, ಈ ವಾರ ಎಷ್ಟು ದಿನ ನಡೆದಿರಿ, ಅಂಗಾಲು ನೋಡಿಕೊಂಡಿರಾ ಎಂದು ಕೇಳುತ್ತೇನೆ. ಮೊನ್ನೆ ಫೋನ್ ಎತ್ತಿದ್ದು ಅವರ ಹೆಂಡತಿ. ‘ಇನ್ನೂ ಪಾರ್ಕಿಂದ ಬಂದಿಲ್ಲ ಮೇಡಂ’ ಎಂದರು.