ಪಂಪ್ ಆಫ್ ಆದಾಗಲೇ ಬೋರ್ಡ್ ಏಕೆ ರೀಸೆಟ್ ಆಗುತ್ತದೆ?

ತಿಕೋಟಾ ಹತ್ತಿರದ ನಮ್ಮ ದ್ರಾಕ್ಷಿ ತೋಟದಲ್ಲಿ ಬೋರ್‌ವೆಲ್ ಪಂಪನ್ನೂ ಗೊಬ್ಬರದ ಟ್ಯಾಂಕಿನಲ್ಲಿ ದ್ರಾವಣ ಕಲಕುವ ಸಣ್ಣ ಮೋಟಾರನ್ನೂ ಇಎಸ್‌ಪಿ32 ಎಂಬ, ವೈಫೈ ಇರುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್ ನೋಡಿಕೊಳ್ಳುತ್ತದೆ. ಎಲ್ಲವೂ ಮನೆಯಲ್ಲೇ ಕೂತು ಬೆಸುಗೆ ಹಾಕಿದ್ದು. ಇಂಥ ಕೆಲಸದಲ್ಲಿ ಕೋಡ್‌ಗಿಂತ ಹೆಚ್ಚು ಕಾಡುವುದು ಕಾಯಿಲ್, ಅಂದರೆ ತಂತಿಯ ಸುರುಳಿ. ಬೋರ್ಡ್ ಆಡಿಸುವ ಸಣ್ಣ ಸ್ವಿಚ್ಚಾದ ರಿಲೇ, ಆ ರಿಲೇ ಆಡಿಸುವ ಪಂಪಿನ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್, ಮೋಟಾರ್ ಮೂರರ ಹೊಟ್ಟೆಯಲ್ಲೂ ಕಾಯಿಲ್ ಇದೆ. ಅದರಲ್ಲಿ ಹರಿಯುವ ಕರೆಂಟನ್ನು ತಟ್ಟನೆ ಕಡಿದರೆ ಅದು ಸುಮ್ಮನಿರುವುದಿಲ್ಲ. ಡ್ರಿಪ್ ಲೈನಿನ ವಾಲ್ವ್ ಒಮ್ಮೆಲೇ ಮುಚ್ಚಿದಾಗ ಪೈಪು ಧಡ್ ಅಂತ ಬಡಿದುಕೊಳ್ಳುತ್ತದಲ್ಲ, ಇದೂ ಹಾಗೆಯೇ. ಕರೆಂಟ್ ಎಷ್ಟು ಬೇಗ ನಿಲ್ಲುತ್ತದೋ ವೋಲ್ಟೇಜ್ ಅಷ್ಟು ಎತ್ತರಕ್ಕೆ ಚಿಮ್ಮುತ್ತದೆ.

ನಂಬಿಕೆ ಬರದವರಿಗೆ ನಾನು ಒಂದು ಪ್ರಯೋಗ ತೋರಿಸುತ್ತೇನೆ. ಲೈನ್ ಟೆಸ್ಟರ್ ಒಳಗಿನ ಪುಟ್ಟ ನಿಯಾನ್ ದೀಪ ತೆಗೆದು 12 ವೋಲ್ಟ್ ರಿಲೇಯ ಕಾಯಿಲ್‌ಗೆ ಅಡ್ಡಲಾಗಿ ಕಟ್ಟಬೇಕು. ಬ್ಯಾಟರಿ ಜೋಡಿಸಿದಾಗ ದೀಪದಲ್ಲಿ ಏನೂ ಕಾಣುವುದಿಲ್ಲ. ವೈರ್ ಬಿಡಿಸಿದ ಕ್ಷಣ ಕಿತ್ತಳೆ ಬಣ್ಣದಲ್ಲಿ ಫಳಕ್ಕನೆ ಮಿಂಚುತ್ತದೆ. ಆ ದೀಪ ಹತ್ತಲು ಹೆಚ್ಚುಕಡಿಮೆ 60ರಿಂದ 90 ವೋಲ್ಟ್ ಬೇಕು, ನಾವು ಕೊಟ್ಟದ್ದು ಬರೀ 12. ವೈರಿನ ಬರಿ ತುದಿಗಳಿಗೆ ಕೈ ತಾಗದಂತೆ ಹಿಡಿಯಿರಿ, ಜುಮ್ಮೆನ್ನುತ್ತದೆ. ಇನ್ನು ಆ ಕಾಯಿಲನ್ನು ನಡೆಸುವ ಬಿಸಿ547 ಟ್ರಾನ್ಸಿಸ್ಟರ್ ತಡೆಯುವುದು 45 ವೋಲ್ಟ್ ಮಾತ್ರ.

ಡಿಸಿ ಕಾಯಿಲ್‌ಗೆ ಮದ್ದು ಅಗ್ಗದ್ದು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡನ್ನು ಕಾಯಿಲ್‌ಗೆ ಅಡ್ಡಲಾಗಿ, ಬೆಳ್ಳಿ ಪಟ್ಟಿ ಪ್ಲಸ್ ಕಡೆ ಬರುವಂತೆ ಬೆಸೆಯಬೇಕು. ಆಗ ಚಿಮ್ಮಿದ ವೋಲ್ಟೇಜ್ ಸಪ್ಲೈಗಿಂತ ಒಂದು ವೋಲ್ಟಿನಷ್ಟೂ ಮೇಲೇರುವುದಿಲ್ಲ. ಕರೆಂಟ್ ಕಾಯಿಲ್‌ನಲ್ಲೇ ಸುತ್ತಿ ಸುತ್ತಿ ಕರಗುತ್ತದೆ. ಇದರಿಂದ ರಿಲೇ ಬಿಡುವುದು ಕೆಲವು ಮಿಲಿಸೆಕೆಂಡ್ ತಡವಾಗುತ್ತದೆ. ಪಂಪಿನ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ. ಆದರೆ ರಿಲೇ ಪಾಯಿಂಟ್ (ಒಳಗೆ ತಾಗಿ ಬಿಡುವ ಸ್ವಿಚ್ ತುದಿ) ಭಾರಿ ಲೋಡನ್ನು ಕಡಿಯುವಂತಿದ್ದರೆ, ನಿಧಾನವಾಗಿ ಬಿಡುವ ಪಾಯಿಂಟಿನಲ್ಲಿ ಕಿಡಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅಲ್ಲಿ ನಾನು ಡಯೋಡ್ ಜೊತೆ ಸರಣಿಯಲ್ಲಿ 24 ವೋಲ್ಟಿನ ಝೀನರ್ (ಆ ವೋಲ್ಟೇಜ್ ಮುಟ್ಟಿದಾಗ ಹಿಮ್ಮುಖವಾಗಿಯೂ ಕರೆಂಟ್ ಬಿಡುವ ಡಯೋಡ್) ಹಾಕುತ್ತೇನೆ, ಎರಡರ ಪಟ್ಟಿಗಳೂ ಮುಖಾಮುಖಿ. ಟ್ರಾನ್ಸಿಸ್ಟರ್ ಮೇಲೆ ಬೀಳುವುದು ಸುಮಾರು 37 ವೋಲ್ಟ್, 45ರ ಒಳಗೇ ಇದೆ. ಟ್ರಾನ್ಸಿಸ್ಟರ್ ಬದಲು ರಿಲೇ ನಡೆಸುವ ಯುಎಲ್‌ಎನ್2003 ಚಿಪ್ ಬಳಸುವವರಿಗೆ ಡಯೋಡ್ ಚಿಪ್ ಒಳಗೇ ಸಿಗುತ್ತದೆ. ಆದರೆ 9ನೇ ಪಿನ್ನನ್ನು ರಿಲೇಯ ಪ್ಲಸ್‌ಗೆ ಜೋಡಿಸಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ನಿಜವಾಗಿ ತಲೆ ತಿಂದದ್ದು ಪಂಪಿನ ಕಾಂಟ್ಯಾಕ್ಟರ್. ಪಂಪ್ ಆನ್ ಆಗುವಾಗ ಎಲ್ಲ ಸರಿ. ಆಫ್ ಆಗುವಾಗ ಬೋರ್ಡ್ ರೀಸೆಟ್, ವೈಫೈ ಮಾಯ. ರಿಲೇಗೆ ಡಯೋಡ್ ಇದ್ದೇ ಇತ್ತು, ಸಪ್ಲೈಯೂ ಗಟ್ಟಿಯಾಗಿತ್ತು. ಕಾಂಟ್ಯಾಕ್ಟರ್ ವೈರ್ ತೆಗೆದು ಬರೀ ರಿಲೇ ಆಡಿಸಿದೆ, ಬೋರ್ಡ್ ಅಲುಗಲಿಲ್ಲ. ಕಾಂಟ್ಯಾಕ್ಟರ್ ಜಾಗದಲ್ಲಿ 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಹಾಕಿದೆ, ಆಗಲೂ ಇಲ್ಲ. ಕಾಂಟ್ಯಾಕ್ಟರ್ ಮತ್ತೆ ಜೋಡಿಸಿದೆ, ರೀಸೆಟ್ ಬಂತು. ಅಲ್ಲಿಗೆ ಕಳ್ಳ ಸಿಕ್ಕ. ರಿಲೇ ಪಾಯಿಂಟ್ ತೆರೆಯುವಾಗ ಕಾಂಟ್ಯಾಕ್ಟರ್ ಕಾಯಿಲ್ ಎಬ್ಬಿಸುವ ಕಿಡಿ ರೇಡಿಯೋ ಗದ್ದಲವಾಗಿ ವೈರ್‌ಗಳ ಮೂಲಕ ಬೋರ್ಡಿಗೆ ನುಗ್ಗುತ್ತಿತ್ತು.

ಇದು ಎಸಿ ಕಾಯಿಲ್, ಇಲ್ಲಿ ಡಯೋಡ್ ನಡೆಯುವುದಿಲ್ಲ. ಹಾಕಿದರೆ ಅರ್ಧ ಸೈಕಲ್‌ಗೆ ನೇರ ಶಾರ್ಟ್. ಇದಕ್ಕೆ ಬೇಕಾದದ್ದು ಸ್ನಬ್ಬರ್, ಅಂದರೆ ಕಿಡಿ ತಗ್ಗಿಸುವ ಜೋಡಿ: 100 ಓಮ್ ರೆಸಿಸ್ಟರ್, ಅದರ ಜೊತೆ ಸರಣಿಯಲ್ಲಿ 0.1 ಮೈಕ್ರೋಫ್ಯಾರಡ್‌ನ ಎಕ್ಸ್2 ಕೆಪಾಸಿಟರ್. ಸಾದಾ ಕೆಪಾಸಿಟರ್ ಬೇಡವೇ ಬೇಡ. ಕೆಟ್ಟರೂ ಬೆಂಕಿ ಹತ್ತದಂತೆ, ನೇರ ಮೇನ್ಸ್ ಮೇಲೆ ಕೂರಲೆಂದೇ ಎಕ್ಸ್2 ಮಾಡಿರುತ್ತಾರೆ. ಜೊತೆಗೆ, ಮಿತಿ ಮೀರಿ ಚಿಮ್ಮಿದ ವೋಲ್ಟೇಜನ್ನು ಹೀರಿಕೊಳ್ಳುವ 14ಡಿ471 ವ್ಯಾರಿಸ್ಟರ್ ಒಂದನ್ನು ಅಡ್ಡ ಹಾಕಿದೆ. ಅದು 300 ವೋಲ್ಟ್ ಎಸಿವರೆಗೆ ತಡೆಯುತ್ತದೆ, ಲೋಡ್ ಇಲ್ಲದ ರಾತ್ರಿ ಹೊತ್ತು ವೋಲ್ಟೇಜ್ ಏರಿದರೂ ಭಯವಿಲ್ಲ.

ಎಲ್ಲಿ ಹಾಕುತ್ತೇವೆ ಎಂಬುದೂ ಅಷ್ಟೇ ಮುಖ್ಯ. ನಾನು ಕಾಂಟ್ಯಾಕ್ಟರ್ ಕಾಯಿಲ್‌ನ ಎ1, ಎ2 ತುದಿಗಳಿಗೇ ಕಟ್ಟಿದೆ. ದೂರದ ರಿಲೇ ಬಳಿ ಹಾಕಿದರೆ ನಡುವಿನ ಉದ್ದ ವೈರೇ ಆಂಟೆನಾ ಆಗುತ್ತದೆ. ರಿಲೇ ಪಾಯಿಂಟಿಗೆ ಅಡ್ಡಲಾಗಿ ಹಾಕುವ ರೂಢಿಯೂ ಇದೆ. ಆದರೆ ಆಗ ರಿಲೇ ಆಫ್ ಇದ್ದರೂ ಆ ಕೆಪಾಸಿಟರ್ ಮೂಲಕ 230 ವೋಲ್ಟಿಗೆ ಸುಮಾರು 7 ಮಿಲಿಆಂಪ್ ಸೋರುತ್ತಲೇ ಇರುತ್ತದೆ. ಇಂಡಿಕೇಟರ್ ಮಿಣಮಿಣ ಅನ್ನಲು ಅಷ್ಟು ಸಾಕು.

ನಮ್ಮ ಕಡೆಯ ರೈತರಿಗೆ ಒಂದು ಮಾತು ಒತ್ತಿ ಹೇಳಬೇಕು. ತ್ರೀಫೇಸ್ ಸ್ಟಾರ್ಟರ್‌ಗಳಲ್ಲಿ ಕಾಯಿಲ್ ಎಷ್ಟೋ ಸಲ 415 ವೋಲ್ಟಿನದು, ಎರಡು ಫೇಸ್ ನಡುವೆ ಕೂತಿರುತ್ತದೆ. ಕಾಯಿಲ್ ಮೇಲಿನ ಅಕ್ಷರ ಓದದೆ ಮೇಲಿನ ಬಿಡಿಭಾಗ ಹಾಕಬೇಡಿ, ಎಕ್ಸ್2 275 ವೋಲ್ಟಿನದಾದರೆ ಅಲ್ಲಿ ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಆ ಸಕ್ಕರೆ ತುಂಡಿನ ಗಾತ್ರದ ನೀಲಿ ರಿಲೇಗಳ ಪಾಯಿಂಟ್‌ಗೆ ಮಿತಿಯೇ 250 ವೋಲ್ಟ್. ನಾನು ಎಲೆಕ್ಟ್ರಿಶಿಯನ್ ಕರೆಸಿ ಕಾಯಿಲನ್ನೇ 230 ವೋಲ್ಟಿನದಕ್ಕೆ ಬದಲಿಸಿದೆ. ಮೇನ್ ಇಳಿಸಿ, ಟೆಸ್ಟರ್ ಹಿಡಿದು ಮೂರೂ ಫೇಸ್ ನೋಡದೆ ಆ ಡಬ್ಬಿಗೆ ಯಾರೂ ಕೈ ಹಾಕಬಾರದು.

ಗೊಬ್ಬರ ಕಲಕುವ 12 ವೋಲ್ಟ್ ಮೋಟಾರಿನ ಕಥೆ ಚಿಕ್ಕದು. ವೇಗ ತಗ್ಗಿಸಲು ಪಿಡಬ್ಲ್ಯೂಎಂ ಕೊಡುವುದರಿಂದ ಅದು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತದೆ. ಅಲ್ಲಿ 1ಎನ್4007 ನಿಧಾನ, ಬಿಸಿಯಾಗುತ್ತದೆ. ಒಂದು ಆಂಪ್ ಒಳಗಿನ ಮೋಟಾರಿಗೆ 1ಎನ್5819 ಶಾಟ್ಕಿ ಡಯೋಡ್ ಸರಿ. ಬ್ರಷ್‌ಗಳ ಕಿಡಿಗೆ ಮೋಟಾರಿನ ಎರಡು ತುದಿಗಳ ನಡುವೆ ಒಂದು, ಪ್ರತಿ ತುದಿಯಿಂದ ಲೋಹದ ಮೈಗೆ ಒಂದೊಂದು, ಹೀಗೆ 100 ನ್ಯಾನೊಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್‌ಗಳನ್ನು ಮೋಟಾರ್ ಮೇಲೆಯೇ ಬೆಸೆದಿದ್ದೇನೆ. ಕಾಲುಗಳನ್ನು ಆದಷ್ಟು ಗಿಡ್ಡ ಕತ್ತರಿಸಬೇಕು.

ರೆಡಿಮೇಡ್ ರಿಲೇ ಮಾಡ್ಯೂಲ್ ಕೊಳ್ಳುವವರು ಪ್ರತಿ ರಿಲೇ ಪಕ್ಕ ಡಯೋಡ್ ಇದೆಯೇ ನೋಡಿ. ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸಿ ಬೋರ್ಡ್ ಕಡೆಯನ್ನೂ ರಿಲೇ ಕಡೆಯನ್ನೂ ಬೇರೆ ಇಡುವ ಬಿಡಿಭಾಗ) ಇರುವ ಮಾಡ್ಯೂಲ್‌ನಲ್ಲಿ ಜೆಡಿ-ವಿಸಿಸಿ ಎಂದು ಬರೆದ ಜಂಪರ್ (ಎರಡು ಪಿನ್ ಕೂಡಿಸುವ ಪುಟ್ಟ ತುಂಡು) ಕಿತ್ತು, ರಿಲೇಗೆ ಬೇರೆಯದೇ ಸಪ್ಲೈ ಕೊಡಿ, ಗ್ರೌಂಡ್ ಕೂಡ ಬೇರೆ. ಜಂಪರ್ ಹಾಗೇ ಬಿಟ್ಟರೆ ಎರಡೂ ಕಡೆ ಒಂದೇ ಸಪ್ಲೈ ಆಗಿ, ಆಪ್ಟೋಕಪ್ಲರ್ ಇದ್ದೂ ಇಲ್ಲದಂತಾಗುತ್ತದೆ.