ಪೈಥಾನ್ ಕೋಡ್ ನಿಧಾನವಾ? ಮೊದಲು ಅಳೆದು ನೋಡಿ

ಪ್ರೋಗ್ರಾಂ ನಿಧಾನ ಅನ್ನಿಸಿದ ಕೂಡಲೇ ಕೋಡ್‌ಗೆ ಕೈ ಹಾಕಬೇಡಿ. ಅಳೆಯಲು ಬೇಕಾದದ್ದೆಲ್ಲ ಪೈಥಾನ್ ಜೊತೆಗೇ ಬರುತ್ತದೆ.

ಮೊದಲು ಗಡಿಯಾರ ಸರಿಯಿರಲಿ. ತುಂಬಾ ಜನ 'ಟೈಮ್' ಮಾಡ್ಯೂಲಿನ ಅದೇ ಹೆಸರಿನ ಫಂಕ್ಷನ್ ಬಳಸುತ್ತಾರೆ. ಅದು ಗೋಡೆ ಗಡಿಯಾರ ಇದ್ದಂತೆ. ನಡುವೆ ಕಂಪ್ಯೂಟರ್ ತನ್ನ ಸಮಯ ತಿದ್ದಿಕೊಂಡರೆ ಮುಳ್ಳು ಹಿಂದಕ್ಕೂ ಹೋಗಬಹುದು. ಆಗ ನಿಮ್ಮ ಕೋಡ್ ಶುರುವಾಗುವ ಮೊದಲೇ ಮುಗಿದ ಲೆಕ್ಕ! ಬದಲಿಗೆ, 2012ರಲ್ಲಿ ಬಂದ ಪೈಥಾನ್ 3.3ರಿಂದ ಇರುವ 'ಪರ್ಫ್ ಕೌಂಟರ್' ಬಳಸಿ. ಇದು ಹಿಂದೆ ಸರಿಯುವುದಿಲ್ಲ. ಕೋಡ್‌ಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕರೆಯಿರಿ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಸೆಕೆಂಡುಗಳಲ್ಲಿ ಉತ್ತರ.

ಒಂದೆರಡು ಸಾಲಿನ ಕೋಡ್‌ಗೆ ಇದು ಸಾಲದು. ಅದಕ್ಕೆ 'ಟೈಮ್‌ಇಟ್' ಎಂಬ ಮಾಡ್ಯೂಲ್ ಇದೆ. ಅದರ 'ರಿಪೀಟ್' ಫಂಕ್ಷನ್, ನೀವೇನೂ ಹೇಳದಿದ್ದರೆ, ಕೋಡನ್ನು 10 ಲಕ್ಷ ಸಲ ಓಡಿಸುತ್ತದೆ. ಅಂಥ 5 ಸುತ್ತು. ಐದು ಉತ್ತರಗಳ ಸರಾಸರಿ ತೆಗೆಯೋಣ ಅನ್ನಿಸುತ್ತೆ, ಅಲ್ವಾ? ಬೇಡ, ಎಲ್ಲಕ್ಕಿಂತ ಕಡಿಮೆ ಇರುವುದನ್ನು ಹಿಡಿಯಿರಿ. ಜಾಸ್ತಿ ಬಂದದ್ದಕ್ಕೆ ಸಾಮಾನ್ಯವಾಗಿ ಅಡ್ಡ ಬಂದ ಬೇರೆ ಪ್ರೋಗ್ರಾಂ ಕಾರಣ, ನಿಮ್ಮ ಕೋಡ್ ಅಲ್ಲ.

ಉದಾಹರಣೆಗೆ, ಒಂದು ಲಕ್ಷ ಸಂಖ್ಯೆಗಳಲ್ಲಿ ಕೊನೆಯದನ್ನು ಹುಡುಕುವ ಹೊತ್ತನ್ನು 'ಟೈಮ್‌ಇಟ್'ನಲ್ಲಿ ಅಳೆದು ನೋಡಿ. ಲಿಸ್ಟ್‌ನಲ್ಲಾದರೆ ಒಂದೊಂದನ್ನೇ ದಾಟಿ ಹೋಗಬೇಕು. ಸೆಟ್‌ನಲ್ಲಿ ಹ್ಯಾಶ್, ಅಂದರೆ ಆ ಮೌಲ್ಯದಿಂದಲೇ ಲೆಕ್ಕ ಹಾಕಿದ ಗುರುತು ಸಂಖ್ಯೆ, ಹಿಡಿದು ನೇರ ಆ ಜಾಗಕ್ಕೆ. ಇಲ್ಲಿ ಎರಡು ಕಡೆ ಎಡವುತ್ತಾರೆ. ಸೆಟ್ ಕಟ್ಟುವ ಸಾಲನ್ನು ಅಳತೆಗೆ ಸೇರದ 'ಸೆಟಪ್' ಭಾಗದಲ್ಲಿ ಇಡಬೇಕು, ಇಲ್ಲದಿದ್ದರೆ ಹುಡುಕಾಟದ ಬದಲು ಕಟ್ಟುವ ಹೊತ್ತನ್ನೇ ಅಳೆಯುತ್ತೀರಿ. ಮತ್ತೆ, 10 ಲಕ್ಷವನ್ನು 1,000ಕ್ಕೆ ಇಳಿಸಿ. ಇಲ್ಲದಿದ್ದರೆ ಲಿಸ್ಟ್ ಮುಗಿಯುವಷ್ಟರಲ್ಲಿ ಊಟ ಮಾಡಿ ಬರಬಹುದು.

ಇಡೀ ಪ್ರೋಗ್ರಾಂ ನಿಧಾನವಾದರೆ ದಾರಿ ಬೇರೆ. ನನ್ನದೊಂದು ವರದಿ ತಯಾರಿಸುವ ಸ್ಕ್ರಿಪ್ಟ್ 8 ಸೆಕೆಂಡ್ ತಿನ್ನುತ್ತಿತ್ತು. ಲೆಕ್ಕ ಹಾಕುವ ಲೂಪಿನದೇ ತಪ್ಪು ಎಂದು ಸಂಜೆಯೆಲ್ಲ ಅದನ್ನು ತಿದ್ದಿದೆ. ಏನೂ ಬದಲಾಗಲಿಲ್ಲ. ಆಮೇಲೆ 'ಪ್ರೋಸೆಸ್ ಟೈಮ್' ಫಂಕ್ಷನ್ ಹಾಕಿ ನೋಡಿದರೆ ಅರ್ಧ ಸೆಕೆಂಡೂ ಇಲ್ಲ! ಅದು ಸಿಪಿಯು ದುಡಿದ ಹೊತ್ತನ್ನು ಮಾತ್ರ ಎಣಿಸುತ್ತದೆ. ಅಂದರೆ ಉಳಿದ ಹೊತ್ತೆಲ್ಲ ನನ್ನ ಪ್ರೋಗ್ರಾಂ ಸುಮ್ನೆ ಕಾಯುತ್ತಾ ಕೂತಿತ್ತು.

ಯಾವುದಕ್ಕೆ ಎಂದು ತಿಳಿಯಲು 'ಸಿಪ್ರೊಫೈಲ್' ಓಡಿಸಿದೆ. ಯಾವ ಫಂಕ್ಷನ್ ಎಷ್ಟು ಸಲ ಓಡಿತು, ಎಷ್ಟು ಹೊತ್ತು ಹಿಡಿಯಿತು ಎಂಬ ಪಟ್ಟಿ ಅದು ಕೊಡುತ್ತದೆ. ಅದರಿಂದಲೇ ಪ್ರೋಗ್ರಾಂ ಇನ್ನಷ್ಟು ನಿಧಾನವಾಗುತ್ತದೆ, ಹಾಗಾಗಿ ಸೆಕೆಂಡುಗಳಿಗಿಂತ ಯಾರ ಪಾಲು ದೊಡ್ಡದು ಎಂದು ನೋಡಿ. ನನ್ನ ಪಟ್ಟಿಯ ಮೇಲ್ಗಡೆ ಇದ್ದದ್ದು ಫೈಲ್ ತೆರೆಯುವ ಫಂಕ್ಷನ್. ನೆಟ್‌ವರ್ಕ್ ಡ್ರೈವ್‌ನಲ್ಲಿದ್ದ ಒಂದೇ ಫೈಲನ್ನು ಲೂಪಿನ ಪ್ರತಿ ಸುತ್ತಿನಲ್ಲೂ ತೆರೆಯುತ್ತಿದ್ದೆ. ಆ ಸಾಲನ್ನು ಲೂಪಿನ ಹೊರಗಿಟ್ಟೆ. ಸಂಜೆಯೆಲ್ಲ ತಿದ್ದಿದ್ದನ್ನು ಅಳಿಸಿ ಹಳೆಯ ಲೆಕ್ಕವನ್ನೇ ವಾಪಸ್ ತಂದೆ, ಓದೋಕೆ ಅದೇ ಚೆನ್ನಾಗಿತ್ತು.