ಫಾರಿನ್‌ನಾಗ ಓದಾಕ ರೊಕ್ಕ ಹೆಂಗ ಹೊಂದಸಬೇಕು: ನಮ್ಮ ಕಡೆ ಹುಡುಗ್ರಿಗೆ

ಪ್ರತಿ ವರ್ಷ ಮೇ ತಿಂಗಳಾಗ ನನಗ ಒಂದ ನಮೂನಿ ಫೋನ್ ಬರ್ತಾವ. "ಅಣ್ಣಾ, ಈ ಸೆಪ್ಟೆಂಬರ್‌ಕ ಹೋಗಬೇಕಂತ ಮಾಡೇನಿ, ಯಾವುದರ ಸ್ಕಾಲರ್‌ಶಿಪ್ ಇದ್ರ ಹೇಳು." ಏನ್ ಹೇಳ್ಲಿ, ಆ ವರ್ಷದ ಬಾಗಲಾ ಹಾಕಿ ತಿಂಗಳಗಟ್ಟಲೆ ಆಗಿರ್ತೈತಿ. ಬ್ರಿಟನ್ ಸರ್ಕಾರದ ಚೀವನಿಂಗ್ ಸ್ಕಾಲರ್‌ಶಿಪ್ ಆಗಸ್ಟ್‌ನಾಗ ತಗದು ಅಕ್ಟೋಬರ್‌ಕ ಮುಚ್ಚತಾರ, ಅದೂ ಮುಂದಿನ ವರ್ಷ ಹೋಗವ್ರಿಗೆ. ಯುರೋಪಿಯನ್ ಯೂನಿಯನ್‌ನವರು ರೊಕ್ಕ ಕೊಡೂ ಎರಾಸ್ಮಸ್ ಮುಂಡಸ್ ಮಾಸ್ಟರ್ಸ್ ಕೋರ್ಸ್‌ಗಳು ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿ ತನಕ. ಅದಕ್ಕ ಬಿಇ ಮಾಡಾಕತ್ತವರು ಆರನೇ ಸೆಮಿಸ್ಟರ್‌ನಾಗನ ಚಾಲೂ ಮಾಡ್ರಿ, ಅಂದ್ರ ವಿಮಾನ ಹತ್ತೂದಕ್ಕ ಒಂದೂವರಿ ವರ್ಷ ಮೊದಲ.

ನಾನು ಜಮಖಂಡಿ ತಾಲೂಕಿನಂವ, ಅಪ್ಪಂದು ನಾಲ್ಕ ಎಕರೆ ಕಬ್ಬು, ವಿಟಿಯು ಡಿಗ್ರಿ, ಮಾಸ್ಟರ್ಸ್ ಜರ್ಮನಿಯೊಳಗ. ಪೂರಾ ಸ್ಕಾಲರ್‌ಶಿಪ್ ನನಗ ಸಿಗಲಿಲ್ಲ, ಮೊದಲ ಹೇಳಿಬಿಡ್ತೀನಿ. ಎಲ್ಲಾ ರೊಕ್ಕ ಒಂದ ಕಡೆಯಿಂದ ಬರೂದು ಭಾಳ ಕಡಿಮಿ ಮಂದಿಗೆ, ಉಳದವರದೆಲ್ಲಾ ಅವ್ವ ಹಳೇ ಸೀರಿ ತುಂಡ ಕೂಡ್ಸಿ ಕೌದಿ ಹೊಲದಂಗ: ಫೀ ಇಲ್ಲದ ಕಾಲೇಜ್ ಒಂದ ತುಂಡ, ಬ್ಯಾಂಕಿಂದು ಒಂದ ತುಂಡ, ಅಲ್ಲಿ ಹೋದಮ್ಯಾಲ ಪಾರ್ಟ್‌ಟೈಮ್ ಒಂದ ತುಂಡ.

ಅದಕ್ಕ ಸ್ಕಾಲರ್‌ಶಿಪ್ ಹುಡುಕೂದಕ್ಕಿಂತ ಮೊದಲ ಖರ್ಚ ಎಲ್ಲಿ ಕಡಿಮಿ ನೋಡ್ರಿ. ಜರ್ಮನಿಯ ಸರ್ಕಾರಿ ಯುನಿವರ್ಸಿಟಿಗಳೊಳಗ ಬಹಳಷ್ಟ ಕಡೆ ಟ್ಯೂಷನ್ ಫೀನ ಇಲ್ಲ, ಸೆಮಿಸ್ಟರ್‌ಕ ಸಣ್ಣ ಚಾರ್ಜ್ ಅಷ್ಟ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಾಗ ಮಾತ್ರ ನಮ್ಮಂಥವರಿಗೆ ಸೆಮಿಸ್ಟರ್‌ಕ 1,500 ಯುರೋ ಐತಿ, ಮ್ಯೂನಿಕ್‌ನ ಟೆಕ್ನಿಕಲ್ ಯುನಿವರ್ಸಿಟಿ (ಟಿಯುಎಂ) ಸೈತ 2024ರಿಂದ ಫೀ ಹಚ್ಚೈತಿ. ಫೀ ಇಲ್ಲಂತ ಖುಷಿಯಾಗಿ ಹೋದವರಿಗೆ ವೀಸಾ ಟೈಮಿಗೆ ಹೊಡತ ಬೀಳೂದು ಬ್ಲಾಕ್ಡ್ ಅಕೌಂಟ್‌ದು: ಒಂದ ವರ್ಷದ ಖರ್ಚು 11,904 ಯುರೋ, ಹತ್ರ ಹತ್ರ 12 ಲಕ್ಷ, ಮೊದಲ ಒಂದ ಅಕೌಂಟಿನಾಗ ಇಡಬೇಕು. ಅದು ಫೀ ಅಲ್ಲ, ನಿಮ್ಮದ ರೊಕ್ಕ, ಅಲ್ಲಿ ಮುಟ್ಟಿದಮ್ಯಾಲ ತಿಂಗಳಿಗೆ 992 ಯುರೋ ವಾಪಸ್ ಕೊಡ್ತಾರ, ಖರೆ ಮೊದಲ ಇಡೂದು ಇಡಾಕಬೇಕು. ನಮ್ಮ ಡಿಗ್ರಿ, ಮಾರ್ಕ್ಸ್ ಕಾರ್ಡ್ ಖರೇ ಅದಾವಂತ ಜರ್ಮನಿಯವರು ನೋಡಿ ಕೊಡೂ ಎಪಿಎಸ್ ಅಂತ ಒಂದ ಸರ್ಟಿಫಿಕೇಟ್ ಸೈತ ಬೇಕು, 2022ರ ನವೆಂಬರ್‌ನಿಂದ ಕಡ್ಡಾಯ, ಅದು ಬರಾಕ ವಾರಗಟ್ಟಲೆ ಹಿಡೀತೈತಿ.

ಅಮೆರಿಕಾದ್ದು ಬ್ಯಾರೆ ಲೆಕ್ಕ. ಎಂಎಸ್‌ಗೆ ಪೂರಾ ಫಂಡಿಂಗ್ ಸಿಗೂದು ಅಪರೂಪ, ಪಿಎಚ್‌ಡಿಗೆ ಮಾತ್ರ ಚಲೋ ಯುನಿವರ್ಸಿಟಿಯವರು ಫೀನೂ ಮಾಫ್ ಮಾಡ್ತಾರ, ಮ್ಯಾಲ ತಿಂಗಳಿಗೆ ಸ್ಟೈಪೆಂಡೂ ಕೊಡ್ತಾರ, ಬದಲಿಗೆ ಪಾಠ ಹೇಳೂದರ ಇಲ್ಲಾ ಲ್ಯಾಬ್ ಕೆಲಸರ ಮಾಡಬೇಕು. ಬಿಇ ಮುಗದ ಕೂಡ್ಲೆ ಪಿಎಚ್‌ಡಿಗೆ ಹಾಕಬಹುದು ಅನ್ನೂದ ನಮ್ಮ ಕಡೆ ಭಾಳ ಮಂದಿಗೆ ಗೊತ್ತಿಲ್ಲ. ಪಿಯುಸಿ ಮುಗಿಸಿ ಹೋಗವ್ರಿದ್ರ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಇಂಥವು ಮನಿ ಆದಾಯ ನೋಡಿ ರೊಕ್ಕ ಕೊಡ್ತಾವ, ಹೊರದೇಶದವರಿಗೂ, ಸೀಟ್ ಸಿಗೂದು ಕಷ್ಟ ಅನ್ನೂದು ಬ್ಯಾರೆ ಮಾತು.

ಕೆಲಸ ಮಾಡಿ ಅನುಭವ ಇದ್ದವರಿಗೆ ಬಾಗಲಾ ಜಾಸ್ತಿ. ಚೀವನಿಂಗ್‌ಗೆ ಎರಡ ವರ್ಷದ ಅನುಭವ, ಅಮೆರಿಕಾದಾಗ ಓದಾಕ ಕೊಡೂ ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್‌ಗೆ ಮೂರು, ಎರಡಕ್ಕೂ ಓದ ಮುಗಿಸಿ ವಾಪಸ್ ಬರಬೇಕು. ಎರಾಸ್ಮಸ್ ಮುಂಡಸ್‌ಗೆ ಅನುಭವ ಇರಾಕಬೇಕಂತೇನಿಲ್ಲ, ಸಿಕ್ಕರ ತಿಂಗಳಿಗೆ 1,400 ಯುರೋ. ಫೈನಲ್ ಇಯರ್‌ನಾಗ ಇದ್ದವರು ಮೊದಲ ಇದನ್ನ ನೋಡ್ರಿ.

ಈಗ ಸರ್ಕಾರದ್ದು. 1913ರಾಗ ಅಂಬೇಡ್ಕರ್ ಅವರು ಕೊಲಂಬಿಯಾಕ್ಕ ಹೋಗಿದ್ದು ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ ಮ್ಯಾಲ, ತಿಂಗಳಿಗೆ ಹನ್ನೊಂದೂವರಿ ಪೌಂಡ್. ಇವತ್ತ ಎಸ್‌ಸಿ, ಅಲೆಮಾರಿ, ಭೂಮಿ ಇಲ್ಲದ ಕೂಲಿಕಾರರ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಐತಿ, ದೇಶಕ್ಕೆಲ್ಲಾ ಕೂಡಿ ವರ್ಷಕ್ಕ 125 ಸೀಟು, ಮನಿ ಆದಾಯ 8 ಲಕ್ಷದ ಒಳಗ, ವಯಸ್ಸು 35ರ ಒಳಗ, ಮಾರ್ಕ್ಸ್ 60 ಪರ್ಸೆಂಟ್. ಎಸ್‌ಟಿಯವರಿಗೆ ಬ್ಯಾರೆ ಸಚಿವಾಲಯದಿಂದ 20. ನಮ್ಮ ರಾಜ್ಯದ್ದು ಪ್ರಬುದ್ಧ ಅಂತ ಸಮಾಜ ಕಲ್ಯಾಣ ಇಲಾಖೆ ಯೋಜನೆ ಐತಿ, ಎಸ್‌ಸಿ ಎಸ್‌ಟಿ ಮಕ್ಕಳಿಗೆ. ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ (ಕೆಎಂಡಿಸಿ), ಇಬ್ಬರ ಕಡೆಗೂ ಬಡ್ಡಿ ಇಲ್ಲದ ಸಾಲ ಸಿಗತೈತಿ ಫಾರಿನ್‌ನಾಗ ಓದಾಕ. ಜಿಲ್ಲಾ ಆಫೀಸ್ ಬಾಗಲಕೋಟಿ, ವಿಜಯಪುರ, ಬೆಳಗಾವಿ ಮೂರೂ ಕಡೆ ಐತಿ, ಫೋನ್ ಮಾಡಿ ಕೇಳೂದಕ್ಕಿಂತ ಖುದ್ದ ಹೋಗ್ರಿ. ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ ಮೊದಲ ಮಾಡಿಸಿ ಇಟಗೋರಿ, ಅರ್ಜಿ ಕರದಮ್ಯಾಲ ಓಡಾಡಿದ್ರ ಕೊನೆ ದಿನ ಸರ್ವರ್ ಡೌನ್.

ಖಾಸಗಿ ಟ್ರಸ್ಟ್‌ನಾಗ ಹಳೇದಂದ್ರ ಜೆ.ಎನ್. ಟಾಟಾ ಎಂಡೋಮೆಂಟ್, 1892ರದ್ದು. ಆದ್ರ ಅದು ಲೋನ್ ಸ್ಕಾಲರ್‌ಶಿಪ್, ತಿರಗಿ ಕೊಡಬೇಕು. ಕೆ.ಸಿ. ಮಹೀಂದ್ರಾದವರದೂ ಬಡ್ಡಿ ಇಲ್ಲದ ಸಾಲನ. ಸ್ಕಾಲರ್‌ಶಿಪ್ ಅನ್ನೂ ಹೆಸರ ನೋಡಿ ಮನ್ಯಾಗ ಪೇಡೆ ಹಂಚಬ್ಯಾಡ್ರಿ, ಕೆಳಗ ಸಣ್ಣ ಅಕ್ಷರ ಓದ್ರಿ.

ಬ್ಯಾಂಕಿನದು ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರ ನಮ್ಮ ಕಡೆಯವರು ಸಿಕ್ಕೊಳ್ಳೂದು ಇಲ್ಲೇ. ಸರ್ಕಾರಿ ಬ್ಯಾಂಕ್ ಸಾಮಾನ್ಯವಾಗಿ 7.5 ಲಕ್ಷದ ತನಕ ಏನೂ ಅಡ ಇಡದ ಕೊಡ್ತಾವ, ಅದರ ಮ್ಯಾಲ ಹೋದ್ರ ಆಸ್ತಿ ಕೇಳ್ತಾರ. ನಮ್ಮಪ್ಪ ಖುಷಿಲೆ ಹೊಲದ ಉತಾರ ಹಿಡಕೊಂಡ ಬಂದ, ನಾಲ್ಕ ಎಕರೆ ನೀರಾವರಿ ಐತಿ ಇನ್ನೇನ್ ಬೇಕು ಅಂತ. ಮ್ಯಾನೇಜರ್ ಉತಾರ ಒಂದ ಸಲ ತಿರಗಿಸಿ ನೋಡಿ ವಾಪಸ್ ಕೊಟ್ಟ್ರು: ಕೃಷಿ ಜಮೀನ ನಡಿಯಂಗಿಲ್ಲ, ಎನ್‌ಎ, ಅಂದ್ರ ಕೃಷಿಯೇತರ ಜಮೀನ, ಆಗಿರಬೇಕು, ಮ್ಯಾಲ ಸೊಸಾಯಿಟಿ ಸಾಲದ ಬೋಜಾ ಬ್ಯಾರೆ ಐತಿ. ಊರಾಗಿನ ಮನಿಗೆ ಪಂಚಾಯ್ತಿಯ ಇ-ಸ್ವತ್ತು ದಾಖಲೆ ಆಗಿರಲಿಲ್ಲ. ಕಡೀಕ ನಮ್ಮ ಮಾಮಾ ಜಮಖಂಡಿಯೊಳಗಿನ ತಮ್ಮ ಎನ್‌ಎ ಪ್ಲಾಟ್ ಕೊಟ್ಟ್ರು, ವಕೀಲರ ಒಪಿನಿಯನ್, ಇಸಿ (ಆಸ್ತಿ ಮ್ಯಾಲ ಬೋಜಾ ಐತೋ ಇಲ್ಲೋ ಅನ್ನೂ ಪತ್ರ), ವ್ಯಾಲ್ಯುವೇಷನ್ ಅಂತ ಎರಡೂವರಿ ತಿಂಗಳ ಹೋತು. ಇನ್ನೊಂದ ತಂಟೆ ಐಟಿಆರ್, ಅಂದ್ರ ಇನ್‌ಕಮ್ ಟ್ಯಾಕ್ಸ್ ರಿಟರ್ನ್. ಕಬ್ಬಿನ ಬಿಲ್‌ಗೆ ಟ್ಯಾಕ್ಸ್ ಇಲ್ಲ, ಅಪ್ಪ ಜನ್ಮದಾಗ ಐಟಿಆರ್ ಹಾಕಿದಂವಲ್ಲ, ಬ್ಯಾಂಕಿನವರು ಎರಡ ವರ್ಷದ್ದು ತರ್ರಿ ಅಂದ್ರು. ಪಗಾರ ಇರೋ ಅಕ್ಕನ್ನೋ ಕಾಕಾನ್ನೋ ಸಾಲದ ಅರ್ಜಿಯಾಗ ಜೋಡಿ ಹಾಕಿದ್ರ ಇದು ಸಲೀಸ ಆಕ್ಕೈತಿ. ಕಟ್ಟಿದ ಬಡ್ಡಿ ಮ್ಯಾಲ ಇನ್‌ಕಮ್ ಟ್ಯಾಕ್ಸ್ ವಿನಾಯಿತಿ ಎಂಟ ವರ್ಷದ ತನಕ ಐತಿ, ಹಳೇ ಟ್ಯಾಕ್ಸ್ ರೆಜೀಮ್‌ನಾಗ ಇದ್ದವರಿಗೆ. ಮತ್ತ 2025ರ ಏಪ್ರಿಲ್‌ನಿಂದ ಬ್ಯಾಂಕ್ ಎಜುಕೇಷನ್ ಲೋನ್ ರೊಕ್ಕ ಹೊರಗ ಕಳಸುವಾಗ ಟಿಸಿಎಸ್ ಅನ್ನೂ ಟ್ಯಾಕ್ಸ್ ಹಿಡಿಯೂದಿಲ್ಲ.

ಹೆಸರಿನ ಗೋಳು ಮರೀಬ್ಯಾಡ್ರಿ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಕಾರ್ಡಿನ್ಯಾಗ ಅಡ್ಡಹೆಸರ ಮೊದಲ, ಅಪ್ಪನ ಹೆಸರ ಬರೇ ಒಂದ ಅಕ್ಷರ, ಆಧಾರ್‌ನಾಗ ಪೂರಾ ಉದ್ದ, ಡಿಗ್ರಿಯೊಳಗ ಮತ್ತೊಂದ ಸ್ಪೆಲಿಂಗ್. ಪಾಸ್‌ಪೋರ್ಟ್ ಮಾಡ್ಸುವಾಗ ಮಾರ್ಕ್ಸ್ ಕಾರ್ಡ್ ಎದುರಿಗಿಟ್ಟ ಅದಕ್ಕ ಕೂಡೂ ಹಂಗ ಬರಸ್ರಿ, ಉಳದದ್ದಕ್ಕ ನೋಟರಿ ಅಫಿಡವಿಟ್. ಎಲ್ಲಾ ಸೆಮಿಸ್ಟರ್ ಮಾರ್ಕ್ಸ್ ಇರೂ ಟ್ರಾನ್ಸ್‌ಕ್ರಿಪ್ಟ್ ಸೈತ ಯುನಿವರ್ಸಿಟಿಯಿಂದ ಮೊದಲ ತಗೋರಿ. ವಿಟಿಯು ಮಚ್ಛೆಯೊಳಗನ ಐತಿ, ಬೆಳಗಾವಿಯವರಿಗೆ ಬಸ್ ಹತ್ತಿದ್ರ ಆತು, ಅಷ್ಟರ ಲಾಭ ನಮಗಿರಲಿ.

ಇನ್ನ ಎಸ್‌ಓಪಿ, ಅಂದ್ರ ಯಾಕ ಓದಬೇಕಂತ ಮಾಡೇನಿ ಅಂತ ಯುನಿವರ್ಸಿಟಿಗೆ ಬರಿಯೂ ಪತ್ರ. "ಸಣ್ಣಂದಿನಿಂದ ನನಗ ಎಲೆಕ್ಟ್ರಾನಿಕ್ಸ್ ಅಂದ್ರ ಭಾಳ ಆಸಕ್ತಿ" ಅಂತ ನಾನೂ ಬರದಿದ್ದೆ, ಮೂರ ಕಡೆ ರಿಜೆಕ್ಟ್. ಆಮ್ಯಾಲ ಖರೇದ್ದ ಬರದೆ: ರಾತ್ರಿ ಎರಡಕ್ಕ ತ್ರೀ ಫೇಸ್ ಕೊಡ್ತಿದ್ರು, ಅಪ್ಪ ಬ್ಯಾಟರಿ ಹಿಡಕೊಂಡ ಮೋಟರ್ ಚಾಲೂ ಮಾಡಾಕ ಹೋಗ್ತಿದ್ದ, ಹಾವಿನ ಹೆದರಿಕಿ, ನಾನು ಮೊಬೈಲ್‌ನಿಂದ ಮೋಟರ್ ಹಚ್ಚೂ ಸ್ಟಾರ್ಟರ್ ಮಾಡಿದೆ, ಮಳಿಗಾಲದಾಗ ಅದು ಕೆಟ್ಟತು, ಯಾಕ ಕೆಟ್ಟತು ಅಂತ ಹುಡುಕುತ್ತಾ ನನಗ ಯಾವ ವಿಷಯ ಓದಬೇಕು ತಿಳೀತು. ಆ ಪತ್ರಕ್ಕನ ಸೀಟ್ ಬಂತು. ಸರ್ ಹತ್ರ ರೆಕಮೆಂಡೇಷನ್ ಕೇಳುವಾಗ "ನೀನ ಬರಕೊಂಡ ಬಾ, ಸಹಿ ಮಾಡ್ತೀನಿ" ಅಂತಾರ. ಸಿಟ್ಟಿಗೇಳಬ್ಯಾಡ್ರಿ, ಅವರ ಕೈಯಾಗ ನಿಮ್ಮ ಪ್ರಾಜೆಕ್ಟ್ ಬಗ್ಗೆ ಒಂದ ಪೇಜ್ ಕೊಟ್ಟ ನೀವ ಬರೀರಿ ಸರ್ ಅಂತ ಕೂಡ್ರಿ.

ಏಜೆಂಟರ ವಿಷಯ. ಅವರಿಗೆ ಕಮಿಷನ್ ಕೊಡೂದು ಹೆಚ್ಚಾಗಿ ಫೀ ಜಾಸ್ತಿ ಇರೂ ಖಾಸಗಿ ಕಾಲೇಜು, ಅದಕ್ಕ ಫೀ ಇಲ್ಲದ ಕಡೆ ಅವರ ಬೊಟ್ಟ ತೋರಸೂದು ಕಡಿಮಿ. ನಾನೂ ಒಬ್ಬರ ಆಫೀಸಿಗೆ ಹೋಗಿದ್ದೆ, ಎಸಿ ರೂಮು, ಗೋಡಿ ತುಂಬ ಬಾವುಟ. ಸರ್ಕಾರಿ ಯುನಿವರ್ಸಿಟಿ ಕೇಳಿದ್ರ "ಅದಕ್ಕ ನಿಮ್ಮ ಪರ್ಸೆಂಟೇಜ್ ಸಾಲಂಗಿಲ್ಲರಿ" ಅಂತ ಒಂದ ಬಣ್ಣದ ಬ್ರೋಷರ್ ಸರಿಸಿ, 25,000 ಕಟ್ಟಿದ್ರ ಸ್ಕಾಲರ್‌ಶಿಪ್ ಗ್ಯಾರಂಟಿ ಅಂದ್ರು. ಖರೇ ಸ್ಕಾಲರ್‌ಶಿಪ್ ಯಾವುದೂ ಹಿಂಗ ಗ್ಯಾರಂಟಿ ಮಾರೂದಿಲ್ಲ. ಚಹಾ ತರಿಸಿದ್ರು, ಕುಡದ ಎದ್ದ ಬಂದೆ. ಮುಂದ ಎರಡ ವರ್ಷ ಓದಿದ್ದು ನನಗ ಪರ್ಸೆಂಟೇಜ್ ಸಾಲಂಗಿಲ್ಲ ಅಂದಿದ್ರಲ್ಲ, ಅಂಥಾ ಯುನಿವರ್ಸಿಟಿಯೊಳಗನ.